ತುಕ್ಕು ಹಿಡಿದ ಸೈಡ್ ಸ್ಟೆಪ್: ಸ್ಟೆಪ್ ಹೋದ್ರೆ ಹೋಗ್ಲಿ, ಚಾಸಿಸ್ ಉಳೀಬೇಕು

ಹಳೇ ಫೋರ್ ಬೈ ಫೋರ್ ತಂದು ನಿಲ್ಲಿಸಿ, ಹತ್ತೋಕೆ ಅಂತ ಬಾಗಿಲ ಕೆಳಗೆ ಹಾಕಿರೋ ಸೈಡ್ ಸ್ಟೆಪ್ ತೋರಿಸಿ "ನಾಲ್ಕಾರು ಬೋಲ್ಟ್ ತಾನೇ, ಬಿಚ್ಚಿಬಿಡಿ" ಅನ್ನೋರನ್ನ ನಾನು ಮೊದಲು ಕೇಳೋದು, ಈ ಸ್ಟೆಪ್ ಮತ್ತೆ ಹಾಕ್ಸ್ತೀರಾ ಇಲ್ಲ ಗುಜರಿಗೆ ಹಾಕ್ತೀರಾ ಅಂತ. ಗುಜರಿಗೆ ಅಂದ್ರೆ ಅರ್ಧ ಕೆಲಸ ಮುಗೀತು, ಯಾಕಂದ್ರೆ ಆಗ ಸ್ಟೆಪ್ಪನ್ನ ಹಿಡಿದಿರೋ ಬ್ರಾಕೆಟ್ ಕತ್ತರಿಸೋಕೆ ಯಾರ ಪರ್ಮಿಶನ್ನೂ ಬೇಡ. ಹೊಸ ಸ್ಟೆಪ್ ಸಿಗತ್ತೆ, ಆದ್ರೆ ಚಾಸಿಸ್ (ಗಾಡಿ ತಳದ ಕಬ್ಬಿಣದ ಚೌಕಟ್ಟು) ಒಳಗೆ ವೆಲ್ಡ್ ಆಗಿರೋ ನಟ್ ಒಂದ್ಸಲ ಕಿತ್ಕೊಂಡು ಒಳಗೇ ತಿರುಗೋಕೆ ಶುರು ಮಾಡಿದ್ರೆ ಅದನ್ನ ಹಿಡಿಯೋಕೆ ಕೈಯೂ ಹೋಗಲ್ಲ, ಸ್ಪ್ಯಾನರೂ ಹೋಗಲ್ಲ.

ಅಲ್ಲಿ ಇಷ್ಟು ತುಕ್ಕು ಯಾಕೆ ಅಂದ್ರೆ, ಮುಂದಿನ ಚಕ್ರ ಎರಚಿದ ಕೆಸರೆಲ್ಲಾ ನೇರ ಬಂದು ಕೂರೋದು ಬ್ರಾಕೆಟ್ಟಿಗೂ ಚಾಸಿಸ್‌ಗೂ ನಡುವಿನ ಸಂದಿಲಿ, ಗಾಡಿ ಹೊರಗೆ ಒಣಗಿದ್ರೂ ಆ ಮಣ್ಣು ಒಳಗೆ ಒದ್ದೆಯಾಗೇ ಇರತ್ತೆ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ 2ರಿಂದ 6 ಪಟ್ಟು ಜಾಗ ಕೇಳತ್ತೆ, ಥ್ರೆಡ್ ಒಳಗೆ ಅಷ್ಟು ಜಾಗ ಎಲ್ಲಿದೆ, ಹಾಗಾಗಿ ಬೋಲ್ಟ್ ಬಿಗಿಯಾಗಿ ಕಚ್ಚಿಕೊಳ್ಳತ್ತೆ. ಸ್ಟೆಪ್ ಅಲ್ಯೂಮಿನಿಯಂದಾಗಿದ್ದು ಬೋಲ್ಟ್ ಸ್ಟೀಲ್ ಆಗಿದ್ರೆ ಇನ್ನೊಂದು ರಗಳೆ, ಎರಡು ಲೋಹದ ಮಧ್ಯೆ ಉಪ್ಪು ನೀರು ಸೇರಿದ್ರೆ ಅಲ್ಯೂಮಿನಿಯಂ ತಿಂದುಹೋಗಿ ಬೋಲ್ಟ್ ಸುತ್ತ ಬಿಳಿ ಪುಡಿ ಗಟ್ಟಿಯಾಗಿ ಕೂತಿರತ್ತೆ.

ಬಿಚ್ಚೋ ಹಿಂದಿನ ದಿನವೇ ವೈರ್ ಬ್ರಷ್ ತಗೊಂಡು ಕಾಣೋ ಥ್ರೆಡ್ ಎಲ್ಲಾ ಉಜ್ಜಿ, ಆಮೇಲೆ ಪೆನಿಟ್ರೇಟಿಂಗ್ ಆಯಿಲ್ (ಸಂದಿಗೆ ಇಳಿಯೋ ತೆಳು ಎಣ್ಣೆ) ಬಿಡಿ, ಸಂಜೆ ಒಂದ್ಸಲ, ಬೆಳಿಗ್ಗೆ ಇನ್ನೊಂದ್ಸಲ. ಉಜ್ಜದೆ ಬರೀ ಸ್ಪ್ರೇ ಹೊಡೆದ್ರೆ ಎಣ್ಣೆ ಮಣ್ಣಿಗೆ ಹೋಗತ್ತೆ ಅಷ್ಟೇ. ಸಾಕೆಟ್ ಆರು ಮೂಲೆದೇ ಇರ್ಲಿ, ಹನ್ನೆರಡು ಮೂಲೆದು ತುಕ್ಕು ತಿಂದ ಬೋಲ್ಟ್ ತಲೆನ ದುಂಡಗೆ ಮಾಡಿ ಕೈ ಬಿಡತ್ತೆ. 8 ಎಂಎಂ ಬೋಲ್ಟಿಗೆ ಸಾಮಾನ್ಯವಾಗಿ 13ರ ಸಾಕೆಟ್, ಆದ್ರೆ ತಲೆ ಸವೆದಿದ್ರೆ ಸ್ವಲ್ಪ ಚಿಕ್ಕ ಸೈಜಿಂದು ಸುತ್ತಿಗೆಯಲ್ಲಿ ಬಡಿದು ಕೂರಿಸಿ.

ಮೊದಲು ಒಂಚೂರು ಟೈಟ್ ಕಡೆಗೆ ಒತ್ತಿ, ಆಮೇಲೆ ಲೂಸ್ ಮಾಡಿ. ಉಲ್ಟಾ ಅನ್ಸತ್ತೆ, ಆದ್ರೆ ಬೇಕಿರೋದು ತುಕ್ಕಿನ ಹಿಡಿತ ಮುರಿಯೋದು, ಅದು ಯಾವ ಕಡೆ ಮುರಿದ್ರೂ ಸೈ. ಅಲುಗಿದ ಮೇಲೆ ಕಾಲು ಸುತ್ತು ಬಿಚ್ಚಿ, ಅಷ್ಟೇ ವಾಪಸ್ ತಿರುಗಿಸಿ, ಎಣ್ಣೆ ಬಿಡಿ, ಮತ್ತೆ ಬಿಚ್ಚಿ. ಕೀಂಯ್ ಅಂತ ಸದ್ದು ಬಂದು ಬೋಲ್ಟ್ ಬಿಸಿಯಾಗ್ತಿದ್ರೆ ನಿಲ್ಲಿಸಿ. ಸ್ಪ್ಯಾನರಿಗೆ ರಬ್ಬರಿನ ಥರ ಮೆತ್ತಗೆ ಅನ್ಸಿದ್ರೂ ನಿಲ್ಲಿಸಿ, ಬೋಲ್ಟ್ ಬಿಚ್ತಿಲ್ಲ, ತಿರುಚಿಕೊಳ್ತಿದೆ, ಇನ್ನೊಂದು ಎಳೆತಕ್ಕೆ ಮುರಿಯತ್ತೆ.

ಬಗ್ಗದಿದ್ರೆ ಬೆಂಕಿ. ಸುಮ್ನೆ ಬೋಲ್ಟ್ ಕಾಯಿಸಿದ್ರೆ ಅದೇ ಉಬ್ಬತ್ತೆ, ಕೈಗೆ ಸಿಗೋ ಕಡೆಯೆಲ್ಲಾ ನಟ್ಟನ್ನೇ ಕಾಯಿಸಿ. ಆದ್ರೆ ಟಾರ್ಚ್ ಹಚ್ಚೋ ಮುಂಚೆ ಚಾಸಿಸ್ ಪಕ್ಕ ಕೈಯಾಡಿಸಿ ನೋಡಿ, ಡೀಸೆಲ್ ಲೈನ್, ಬ್ರೇಕ್ ಪೈಪ್, ವೈರಿಂಗ್ ಎಲ್ಲಾ ಅದೇ ದಾರೀಲಿ ಹೋಗೋದು, ಜೊತೆಗೆ ಅಂಡರ್‌ಕೋಟಿಂಗ್ ಮತ್ತು ಒಳಗೆ ಹಾಕಿರೋ ವ್ಯಾಕ್ಸ್ ಹೊತ್ತಿಕೊಳ್ಳತ್ತೆ, ಚಾಸಿಸ್ ಬಾಕ್ಸ್ ಒಳಗೆ ಹೊತ್ತಿದ್ರೆ ಹೊರಗಿಂದ ಗೊತ್ತೂ ಆಗಲ್ಲ. ಟ್ಯಾಂಕ್ ಹತ್ತಿರದ ಬೋಲ್ಟಿಗಂತೂ ನಾನು ಟಾರ್ಚ್ ಮುಟ್ಟೋದೇ ಇಲ್ಲ. ಅಲ್ಯೂಮಿನಿಯಂ ಕೆಂಪಾಗದೇ ಕರಗತ್ತೆ, 660 ಡಿಗ್ರಿಗೆ, ಅಲ್ಲಿ ಬಣ್ಣ ನೋಡ್ಕೊಂಡು ಕಾಯಿಸೋ ಲೆಕ್ಕ ನಡಿಯಲ್ಲ. ಬ್ರೇಕ್ ಕ್ಲೀನರ್ ಹೊಡೆದ ಜಾಗಕ್ಕೂ ಬೆಂಕಿ ಬೇಡ, ಕ್ಲೋರಿನ್ ಇರೋ ಕ್ಲೀನರ್ ಬಿಸಿಯಾದ್ರೆ ವಿಷದ ಗ್ಯಾಸ್ ಬರತ್ತೆ.

ಗ್ರೈಂಡರ್ ವಿಷಯಕ್ಕೆ ಬಂದ್ರೆ, ಬಹಳ ಜನ ಬೋಲ್ಟ್ ತಲೆನೇ ಚಾಸಿಸ್ ಮಟ್ಟಕ್ಕೆ ಕತ್ತರಿಸಿಬಿಡ್ತಾರೆ, ಆಮೇಲೆ ಹಿಡಿಯೋಕೆ ಏನೂ ಇರಲ್ಲ. 1 ಎಂಎಂ ಕಟಿಂಗ್ ಡಿಸ್ಕಲ್ಲಿ ಬ್ರಾಕೆಟ್ ಕತ್ತರಿಸಿ, ಸ್ಟೆಪ್ ಕೆಳಗಿಳಿಸಿ, ಬೋಲ್ಟ್ ಸುತ್ತ ಉಳಿದ ಬ್ರಾಕೆಟ್ ತುಂಡನ್ನ ಸೀಳಿ ತೆಗೀರಿ, ಆಗ ಒಂಚೂರಾದ್ರೂ ಬೋಲ್ಟ್ ಹೊರಗೆ ಉಳಿಯತ್ತೆ, ಅದನ್ನ ವೈಸ್ ಗ್ರಿಪ್ಪಲ್ಲಿ (ಕಚ್ಚಿ ಲಾಕ್ ಆಗೋ ಇಕ್ಕಳ) ಹಿಡಿಬಹುದು ಇಲ್ಲ ಮೇಲೆ ಹೊಸ ನಟ್ ವೆಲ್ಡ್ ಮಾಡಿ ತಿರುಗಿಸಬಹುದು, ವೆಲ್ಡಿಂಗಿನ ಬಿಸಿನೇ ಅರ್ಧ ಬಿಡಿಸತ್ತೆ (ಬ್ಯಾಟರಿ ಕಳಚಿಟ್ಟು ಮಾಡಿ). ಕಿಡಿ ಹಾರೋ ಕಡೆ ಕಿಟಕಿ ಗಾಜಿಗೆ ಒದ್ದೆ ಬಟ್ಟೆ ಹೊದಿಸಿ, ಕಿಡಿ ಗಾಜಿಗೆ ಅಂಟಿದ್ರೆ ಕಲೆ ಹೋಗಲ್ಲ. ಮತ್ತೆ ಕೊನೇ ಬೋಲ್ಟಿಗೆ ಮುಂಚೆ ಸ್ಟೆಪ್ಪಿನ ಎರಡೂ ತುದಿಗೆ ಆಧಾರ ಕೊಡಿ. ಕೆಳಗೆ ಮಲಗಿರೋದು ನೀವು.

ಪೂರ್ತಿ ಒಳಗೇ ಮುರಿದಿದ್ರೆ ಸರಿಯಾಗಿ ನಡುವೆ ಸೆಂಟರ್ ಪಂಚ್ ಹಾಕಿ, ಎಡಕ್ಕೆ ತಿರುಗೋ ಡ್ರಿಲ್ ಬಿಟ್ಟಲ್ಲಿ ಕೊರೀರಿ, ಎಷ್ಟೋ ಸಲ ಕೊರೆಯೋವಾಗ್ಲೇ ತುಂಡು ಹೊರಗೆ ಬರತ್ತೆ. ಮುರಿದ ಬೋಲ್ಟಿಗೆ ಕೊರೆದ ತೂತಿಗೆ ಹಾಕಿ ತಿರುಗಿಸಿ ತೆಗೆಯೋ ಎಕ್ಸ್‌ಟ್ರಾಕ್ಟರ್ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ, ಅದು ಗಟ್ಟಿ ಸ್ಟೀಲ್, ಒಳಗೆ ಮುರಿದ್ರೆ ಮಾಮೂಲಿ ಡ್ರಿಲ್ ಬಿಟ್ ಅದರ ಮೇಲೆ ಜಾರತ್ತೆ ಅಷ್ಟೇ.

ಸ್ಟೆಪ್ ಇಳಿದ ಮೇಲೆ ಆ ಜಾಗನ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ, ಟಣ್ ಅಂದ್ರೆ ಸರಿ, ದಬ್ ಅಂದ್ರೆ ಸ್ಕ್ರೂಡ್ರೈವರಲ್ಲಿ ಚುಚ್ಚಿ ನೋಡಿ. ತೂತು ಬಿದ್ರೆ ಪೇಂಟ್ ಬಳಿಯೋ ಮಾತೇ ಇಲ್ಲ, ಕೊಳೆತಿದ್ದು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸ್ಬೇಕು. ಗಟ್ಟಿ ಇದ್ರೆ ಉಜ್ಜಿ, ಝಿಂಕ್ ಪ್ರೈಮರ್, ಪೇಂಟ್, ಒಳಗೆ ವ್ಯಾಕ್ಸ್. ಸ್ಟೆಪ್ ಮತ್ತೆ ಹಾಕಲ್ಲ ಅಂದ್ರೆ ಖಾಲಿ ಬೋಲ್ಟ್ ತೂತುಗಳಿಗೆ ರಬ್ಬರ್ ಪ್ಲಗ್ ಹಾಕಿ, ಆದ್ರೆ ಚಾಸಿಸ್ ತಳದಲ್ಲಿ ಕಂಪನಿನೇ ಬಿಟ್ಟಿರೋ ನೀರು ಇಳಿಯೋ ತೂತುಗಳನ್ನ ಮಾತ್ರ ಮುಚ್ಚಬೇಡಿ.