ತೊಟ್ಟಿಯ ಸೊನ್ನೆ ಎಲ್ಲಿದೆ?

ಮಧ್ಯಾಹ್ನವಾದರೆ ತೊಟ್ಟಿಯ ಮಟ್ಟ ಹತ್ತು ಸೆಂಟಿಮೀಟರ್ ಇಳಿಯುತ್ತದೆ, ಸಂಜೆ ತಾನಾಗಿಯೇ ಏರುತ್ತದೆ. ಪಂಪು ಬೆಳಗಿನಿಂದ ನಿಂತೇ ಇದೆ. ಇಂಥದೊಂದು ದೂರಿನ ಬೆನ್ನು ಹತ್ತಿ ಹೋದಾಗ ಅಲ್ಲಿನವರು ಸೋರಿಕೆ ಹುಡುಕುತ್ತಾ ಎರಡು ವಾಲ್ವುಗಳನ್ನು ಬಿಚ್ಚಿ ನೋಡಿದ್ದರು. ಸೋರಿಹೋದ ನೀರು ಸಂಜೆ ಹೇಗೆ ಮರಳಿ ಬರುತ್ತದೆ ಎಂದು ಮಾತ್ರ ಯಾರೂ ಕೇಳಿಕೊಂಡಿರಲಿಲ್ಲ. ಏಣಿ ಹತ್ತಿ, ಮಟ್ಟ ಅಳೆಯುವ ಸೆನ್ಸರಿನ ಕಪ್ಪು ಕವಚದ ಮೇಲೆ ಅಂಗೈ ಇಟ್ಟೆ. ಇಟ್ಟಷ್ಟೇ ಬೇಗ ತೆಗೆದೆ.

ಅಲ್ಟ್ರಾಸಾನಿಕ್ ಸೆನ್ಸರಿಗೆ ನೀರಿನ ಗೊಡವೆಯಿಲ್ಲ, ಅದು ಎಣಿಸುವುದು ಸಮಯವನ್ನು. ಧ್ವನಿಯ ಒಂದು ಮಿಡಿತವನ್ನು ಕೆಳಗೆ ಬಿಟ್ಟು, ಪ್ರತಿಧ್ವನಿ ಬರುವವರೆಗೆ ಕಾದು, ಆ ಸಮಯವನ್ನು ಧ್ವನಿಯ ವೇಗದಿಂದ ಗುಣಿಸಿ ಅರ್ಧ ಮಾಡುತ್ತದೆ. ಆದರೆ ಆ ವೇಗ ಒಂದೇ ಕಡೆ ನಿಲ್ಲುವಂಥದ್ದಲ್ಲ. ಗಾಳಿಯಲ್ಲಿ ಸೊನ್ನೆ ಡಿಗ್ರಿಗೆ ಸೆಕೆಂಡಿಗೆ 331 ಮೀಟರ್, 20 ಡಿಗ್ರಿಗೆ 343. ಡಿಗ್ರಿಗೆ ಸುಮಾರು 0.6 ಮೀಟರಿನಂತೆ ಏರುತ್ತಲೇ ಹೋಗುತ್ತದೆ. ಇದನ್ನು ಸರಿದೂಗಿಸಲೆಂದು ಸೆನ್ಸರಿನ ಹೊಟ್ಟೆಯಲ್ಲೇ ಒಂದು ಉಷ್ಣಮಾಪಕ ಇರುತ್ತದೆ. ಅದು ಕವಚದ ಬಿಸಿಯನ್ನೇ ತೊಟ್ಟಿಯ ಗಾಳಿಯ ಬಿಸಿಯೆಂದು ನಂಬಿಬಿಡುತ್ತದೆ. ಆ ದಿನ ಪರದೆಯಲ್ಲಿ ಕಂಡ ಉಷ್ಣತೆ 50 ಡಿಗ್ರಿ, ಒಳಗಿನ ಗಾಳಿ 35. ಈ 15 ಡಿಗ್ರಿಯ ಅಂತರ 4 ಮೀಟರ್ ದೂರವನ್ನು 4.10 ಎಂದು ತೋರಿಸಲು ಸಾಕು. ದೂರ ಹೆಚ್ಚಿದರೆ ಮಟ್ಟ ಇಳಿದಂತೆ ತಾನೇ? ಒಂದು ತಗಡಿನ ಮಾಡು, ಅದಕ್ಕೂ ಸೆನ್ಸರಿಗೂ ನಡುವೆ ಗಾಳಿಯಾಡಲು ನಾಲ್ಕು ಬೆರಳಿನ ಜಾಗ: ಸೋರಿಕೆ ನಿಂತಿತು.

ಕ್ಯಾಲಿಬ್ರೇಷನ್, ಅಂದರೆ ಉಪಕರಣದ ಅಳತೆಯನ್ನು ನಿಜದ ಅಳತೆಗೆ ಹೊಂದಿಸುವುದು, ಬರೀ ಗುಂಡಿ ಒತ್ತುವ ಕೆಲಸ ಎಂದುಕೊಂಡವರೇ ಹೆಚ್ಚು. ಗುಂಡಿಯ ಸರದಿ ಕೊನೆಗೆ ಬರುತ್ತದೆ. ಮೊದಲು ಸೊನ್ನೆ, ಅಂದರೆ ಮಟ್ಟವನ್ನು ಎಣಿಸಲು ಶುರುಮಾಡುವ ತಳ, ಎಲ್ಲಿದೆ ಎಂದು ತೀರ್ಮಾನಿಸಬೇಕು. ನಕ್ಷೆಯಲ್ಲಿ ತೊಟ್ಟಿಯ ಆಳ 5 ಮೀಟರ್ ಎಂದಿರುತ್ತದೆ. ತಳಕ್ಕೆ ಇಳಿಜಾರಿನ ಗಾರೆ ಹಾಕಿರುತ್ತಾರೆ, ಮೇಲೆ ಫ್ಲಾಂಜಿನ (ಸೆನ್ಸರನ್ನು ಬೋಲ್ಟು ಹಾಕಿ ಕೂರಿಸುವ ಚಪ್ಪಟೆ ಅಂಚಿನ) ಕೊಳವೆ ಒಂದು ಗೇಣು ಎದ್ದಿರುತ್ತದೆ, ನಡುವೆ ಸಂದು ಮುಚ್ಚುವ ಗ್ಯಾಸ್ಕೆಟ್ ಬೇರೆ. ನಕ್ಷೆಯನ್ನು ನಂಬಬೇಡಿ, ಟೇಪನ್ನು ನಂಬಿ. ಅಳತೆ ಶುರುವಾಗಬೇಕಾದದ್ದು ಫ್ಲಾಂಜಿನಿಂದಲೋ ಸೆನ್ಸರಿನ ಮುಖದಿಂದಲೋ ಎಂಬುದನ್ನು ಆ ಉಪಕರಣದ ಕೈಪಿಡಿಯಲ್ಲೇ ನೋಡಬೇಕು. ನಾನು ತಿದ್ದಿದ ತಪ್ಪುಗಳಲ್ಲಿ ಬಹುಪಾಲು ಈ ಒಂದು ಅಂತರದ್ದೇ.

ತೊಟ್ಟಿ ಖಾಲಿ ಮಾಡಲು ಆಗದಿದ್ದರೆ ಎರಡು ಬೇರೆ ಬೇರೆ ಮಟ್ಟಗಳಲ್ಲಿ, ಆದಷ್ಟು ದೂರದ ಮಟ್ಟಗಳಲ್ಲಿ, ಟೇಪು ಇಳಿಬಿಟ್ಟು ಹೋಲಿಸಿ. ಒಂದೇ ಮಟ್ಟದಲ್ಲಿ ಹೋಲಿಸಿದರೆ ಏನೂ ತಿಳಿಯುವುದಿಲ್ಲ. ಎರಡೂ ಕಡೆ ವ್ಯತ್ಯಾಸ ಒಂದೇ ಆಗಿದ್ದರೆ, ಉದಾಹರಣೆಗೆ ಎರಡರಲ್ಲೂ 6 ಸೆಂಟಿಮೀಟರ್, ತಪ್ಪಿರುವುದು ಸೊನ್ನೆ. ನೀರು ಕೆಳಗಿಳಿದಂತೆ ವ್ಯತ್ಯಾಸವೂ ಬೆಳೆದರೆ ತಪ್ಪಿರುವುದು ಧ್ವನಿಯ ವೇಗ: ಬಿಸಿಲು, ಅಥವಾ ನೀರಿನ ಮೇಲೆ ಗಾಳಿಯ ಬದಲು ಬೇರೆ ಅನಿಲ. ಹುದುಗುವ ತೊಟ್ಟಿಯಲ್ಲಿ ಕಾರ್ಬನ್ ಡೈಆಕ್ಸೈಡ್ ತುಂಬಿಕೊಂಡರೆ ಧ್ವನಿ ನಿಧಾನವಾಗುತ್ತದೆ, ಸೆನ್ಸರ್ ಅದನ್ನು ದೂರವೆಂದು ಓದುತ್ತದೆ. ಅಂಥಲ್ಲಿ ಸೊನ್ನೆಯನ್ನು ತಿರುಚಿ ಒಂದು ಮಟ್ಟದಲ್ಲಿ ಲೆಕ್ಕ ಸರಿಮಾಡಿದರೆ ಉಳಿದೆಲ್ಲ ಮಟ್ಟಗಳಲ್ಲಿ ಕೆಡುತ್ತದೆ.

ಸೆನ್ಸರಿನ ಮುಖದ ಕೆಳಗೆ ಒಂದಿಷ್ಟು ಕುರುಡು ಅಂತರವಿರುತ್ತದೆ. ಮಿಡಿತ ಬಿಟ್ಟ ಸ್ಫಟಿಕದ ನಡುಕ ನಿಲ್ಲುವವರೆಗೆ ಅದಕ್ಕೆ ಏನೂ ಕೇಳಿಸದು. ಹಲವು ಮಾದರಿಗಳಲ್ಲಿ ಇದು 25ರಿಂದ 50 ಸೆಂಟಿಮೀಟರ್. ನೀರು ಇದರೊಳಗೆ ಬಂದರೆ ಮೊದಲ ಪ್ರತಿಧ್ವನಿ ಕಳೆದುಹೋಗಿ, ಎರಡು ಸಲ ಪುಟಿದದ್ದು ಸಿಕ್ಕಿಬಿಡಬಹುದು. ನೀರು ಮುಖದಿಂದ 20 ಸೆಂಟಿಮೀಟರ್ ದೂರದಲ್ಲಿದ್ದರೆ ಪರದೆಯಲ್ಲಿ 40. ತೊಟ್ಟಿ ತುಂಬಿ ಚೆಲ್ಲುವ ಹೊತ್ತಿನಲ್ಲೇ ಉಪಕರಣ ನೆಮ್ಮದಿಯಿಂದಿರುತ್ತದೆ!

ಜಾಗದ ವಿಷಯದಲ್ಲಿ ಹೇಳುವುದು ಕಡಿಮೆ. ನೀರು ಬೀಳುವ ಕಡೆ ಬೇಡ, ಗುಮ್ಮಟದ ನಡುಮಧ್ಯೆ ಬೇಡ. ಧ್ವನಿಯ ಶಂಕು 10 ಡಿಗ್ರಿಯದಾದರೆ 5 ಮೀಟರ್ ಕೆಳಗೆ ಸುಮಾರು 90 ಸೆಂಟಿಮೀಟರ್ ಅಗಲಕ್ಕೆ ಹರಡುತ್ತದೆ; ಅದರೊಳಗೆ ಏಣಿಯ ಮೆಟ್ಟಿಲು ಬಂದರೆ ಅದೂ ನೀರೇ. ಅಡ್ಡ ಪ್ರತಿಧ್ವನಿಗಳನ್ನು ಮರೆಸುವ ಸೌಲಭ್ಯವೇನೋ ಇದೆ, ಆದರೆ ಅದನ್ನು ಬಳಸಬೇಕಾದದ್ದು ತೊಟ್ಟಿ ಖಾಲಿಯಿದ್ದಾಗ. ಅರ್ಧ ತುಂಬಿದ್ದಾಗ, ಎಲ್ಲಿಯವರೆಗೆ ಮರೆಸಬೇಕೆಂದು ಹೇಳದೆ ಗುಂಡಿ ಒತ್ತಿದವರೊಬ್ಬರು ನೀರಿನ ಮೇಲ್ಮೈಯನ್ನೇ ಮರೆಸಿಬಿಟ್ಟಿದ್ದರು. ಆಮೇಲೆ ಮಟ್ಟ ಅಲ್ಲಿಗೆ ಬಂದಾಗಲೆಲ್ಲ ಪ್ರತಿಧ್ವನಿ ಮಾಯ. ದಟ್ಟ ನೊರೆಯಿದ್ದರೆ ಈ ಉಪಕರಣದ ಸಹವಾಸವೇ ಬೇಡ, ತಳದಲ್ಲಿ ಒತ್ತಡದ ಸೆನ್ಸರ್ ಹಾಕಿ.

ಇನ್ನು ಸ್ಲಡ್ಜ್, ಅಂದರೆ ಕೊಳಚೆನೀರಿನ ತೊಟ್ಟಿಯ ತಳಕ್ಕೆ ಇಳಿದು ಕೂರುವ ಕೆಸರು. ಇಲ್ಲಿ ಸೆನ್ಸರ್ ಇರುವುದು ನೀರಿನೊಳಗೆ. ಮುಖ ಕೆಲವು ಸೆಂಟಿಮೀಟರ್ ಮುಳುಗಿರಲೇಬೇಕು; ಗಾಳಿಗೂ ನೀರಿಗೂ ನಡುವಿನ ಗಡಿಯನ್ನು ಧ್ವನಿ ದಾಟುವುದೇ ಕಷ್ಟ. ವೇಗ 20 ಡಿಗ್ರಿಗೆ ಸೆಕೆಂಡಿಗೆ ಸುಮಾರು 1480 ಮೀಟರ್. ಮುಖಕ್ಕೆ ಅಂಟಿದ ಗುಳ್ಳೆಗಳೂ ಪಾಚಿಯೂ ಸಂಕೇತವನ್ನು ನುಂಗುತ್ತವೆ, ತಳದ ಕೆಸರನ್ನು ಬಾಚುತ್ತಾ ಸುತ್ತುವ ರೇಕು ತೋಳು ಪ್ರತಿ ಸುತ್ತಿಗೂ ಒಮ್ಮೆ ಸುಳ್ಳು ಮಟ್ಟ ಕೊಡುತ್ತದೆ. ಇವೆಲ್ಲ ಒರೆಸುವುದರಿಂದ, ಸರಾಸರಿ ಹಿಡಿಯುವ ಕಾಲವನ್ನು ಹೆಚ್ಚಿಸುವುದರಿಂದ ಬಗೆಹರಿಯುತ್ತವೆ.

ಬಗೆಹರಿಯದ್ದು ಬೇರೆಯೇ ಇದೆ: ಸ್ಲಡ್ಜ್ ಎಲ್ಲಿಂದ ಶುರು? ನೀರಿನ ಮೇಲ್ಮೈಯಂತೆ ಅದಕ್ಕೆ ಗೆರೆ ಕೊಯ್ದ ಗಡಿಯಿಲ್ಲ. ಮೇಲೆ ತಿಳಿನೀರು, ಕೆಳಗೆ ಹತ್ತಿಯಂತೆ ತೇಲುವ ಎಳೆಗಳು, ಅದರ ಕೆಳಗೆ ನಿಜವಾದ ದಪ್ಪ ಪದರ. ಒಂದು ಕ್ಲಾರಿಫೈಯರಿನಲ್ಲಿ (ಕೆಸರು ತಂಗಿ ನೀರು ತಿಳಿಯಾಗುವ ತೊಟ್ಟಿಯಲ್ಲಿ) ಸೆನ್ಸರ್ ತಳದಿಂದ 1.2 ಮೀಟರ್ ಎನ್ನುತ್ತಿತ್ತು, ನಿರ್ವಾಹಕರು 70 ಸೆಂಟಿಮೀಟರ್ ಎನ್ನುತ್ತಿದ್ದರು. ತಳದಲ್ಲಿ ಕವಾಟವಿರುವ ಪಾರದರ್ಶಕ ಕೊಳವೆಯನ್ನು ಸೆನ್ಸರಿನ ಪಕ್ಕದಲ್ಲೇ, ರೇಕು ದಾಟಿದ ಮೇಲೆ, ನಿಧಾನವಾಗಿ ಇಳಿಸಿ ಎತ್ತಿದೆವು. ಬೆಳಕಿಗೆ ಹಿಡಿದರೆ ಇಬ್ಬರೂ ಸರಿ: 1.2ರಿಂದ ಎಳೆಗಳು, 70ರಿಂದ ದಪ್ಪ ಪದರ. ಎಳೆಗಳು ಹೊರನೀರಿನ ಜೊತೆ ಹೋಗದಂತೆ ಕಾಯಬೇಕಾದರೆ ಮೊದಲನೆಯದು ಬೇಕು, ಸ್ಲಡ್ಜ್ ಪಂಪು ಓಡಿಸುವುದಾದರೆ ಎರಡನೆಯದು. ಅವರಿಗೆ ಬೇಕಿದ್ದದ್ದು ಪಂಪಿಗೆ. ಪ್ರತಿಧ್ವನಿಯ ಚಿತ್ರ ನೋಡುತ್ತಾ, ಎಷ್ಟು ಬಲದ ಪ್ರತಿಧ್ವನಿಯನ್ನು ಲೆಕ್ಕಕ್ಕೆ ಹಿಡಿಯಬೇಕೆಂಬ ಮಿತಿಯನ್ನು ಏರಿಸುತ್ತಾ ಹೋದೆವು; ಸಂಖ್ಯೆ 72ಕ್ಕೆ ಬಂದು ನಿಂತಿತು. ಕೊಳವೆ ಎತ್ತಿದ ದಿನಾಂಕ ಮತ್ತು ಆ ಮಿತಿಯನ್ನು ಪೆಟ್ಟಿಗೆಯ ಬಾಗಿಲ ಒಳಬದಿಯಲ್ಲಿ ಅಳಿಸದ ಶಾಯಿಯಲ್ಲಿ ಬರೆದಿಟ್ಟು ಕೆಳಗಿಳಿದೆವು.