ಹೊತ್ತಿಕೊಳ್ಳದ ಉಡುಪಿನೊಳಗೂ ಮೈ ಸುಡುವುದೇಕೆ?

ಪ್ರಶ್ನೆ: ಅಗ್ನಿಶಾಮಕ ಸಿಬ್ಬಂದಿ ತೊಡುವ ಉಡುಪಿಗೆ ಬೆಂಕಿ ಹತ್ತುವುದಿಲ್ಲ ಎನ್ನುತ್ತಾರೆ. ಆದರೂ ಅದನ್ನು ತೊಟ್ಟವರಿಗೆ ಕೆಲವೊಮ್ಮೆ ಸುಟ್ಟ ಗಾಯಗಳಾಗುವುದು ಹೇಗೆ?

ಉತ್ತರ: ಬಟ್ಟೆಗೆ ಬೆಂಕಿ ಹತ್ತದಿರುವುದು ಬೇರೆ, ಶಾಖ ಅದನ್ನು ದಾಟದಿರುವುದು ಬೇರೆ. ಮೊದಲನೆಯದು ನೂಲಿನ ಗುಣ. ಎರಡನೆಯದು ಬಹುಮಟ್ಟಿಗೆ ನೂಲುಗಳ ನಡುವೆ ಸಿಕ್ಕಿಕೊಂಡಿರುವ ಗಾಳಿಯ ಕೆಲಸ. ‘ಫೈರ್‌ಪ್ರೂಫ್’ ಎಂಬ ಬಳಕೆಯ ಮಾತು ಇವೆರಡನ್ನೂ ಒಂದೇ ಮಾಡಿಬಿಡುವುದರಿಂದ ಇಂತಹ ಗೊಂದಲ ಸಹಜ.

ನೂಲಿನ ವಿಷಯವನ್ನು ಮೊದಲು ನೋಡೋಣ. ಒಂದು ವಸ್ತು ಉರಿಯುತ್ತಲೇ ಇರಲು ಸುತ್ತಲಿನ ಗಾಳಿಯಲ್ಲಿ ಕನಿಷ್ಠ ಎಷ್ಟು ಆಮ್ಲಜನಕ ಇರಬೇಕೆಂದು ಪ್ರಯೋಗಾಲಯದಲ್ಲಿ ಅಳೆಯುತ್ತಾರೆ. ಹತ್ತಿಗೆ ಸುಮಾರು ಶೇ. 18 ಸಾಕು, 1960ರ ದಶಕದಲ್ಲಿ ಡ್ಯೂಪಾಂಟ್ ಕಂಪನಿ ಮಾರುಕಟ್ಟೆಗೆ ತಂದ ನೋಮೆಕ್ಸ್ ಎಂಬ ಅರಾಮಿಡ್ (ಶಾಖ ತಾಳುವ ಕೃತಕ) ನೂಲಿಗೆ ಸುಮಾರು ಶೇ. 28, ಪಿಬಿಐ ಎಂಬ ಇನ್ನೊಂದು ಕೃತಕ ನೂಲಿಗೆ ಶೇ. 40ರ ಆಸುಪಾಸು ಬೇಕು. ನಮ್ಮ ಸುತ್ತಲಿನ ಗಾಳಿಯಲ್ಲಿರುವುದು ಶೇ. 21 ಮಾತ್ರವಾದ್ದರಿಂದ, ಜ್ವಾಲೆಯನ್ನು ಸರಿಸಿದ ಮೇಲೆ ಹತ್ತಿಯ ಬಟ್ಟೆ ಉರಿಯುತ್ತಲೇ ಹೋಗುತ್ತದೆ, ನೋಮೆಕ್ಸ್ ಆರಿಹೋಗುತ್ತದೆ. ಪಾಲಿಯೆಸ್ಟರ್ ಸುಮಾರು 260 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ ಚರ್ಮಕ್ಕೆ ಅಂಟಿಕೊಂಡರೆ, ನೋಮೆಕ್ಸ್ ಕರಗದೆ ಉಬ್ಬಿ, ಕಪ್ಪಾಗಿ, ಗಡುಸಾದ ಇದ್ದಿಲಿನ ಪದರವಾಗುತ್ತದೆ. ಆ ಪದರ ಬಿರುಕು ಬಿಡಬಾರದೆಂದು ಅದರೊಡನೆ ಕೆವ್ಲಾರ್ ಎಂಬ ಬಲವಾದ ನೂಲನ್ನು ಬೆರೆಸುವುದುಂಟು.

ಆದರೆ ಇದು ಹೊರಪದರ ಮಾತ್ರ. ಅದರ ಒಳಗೆ ನೀರನ್ನು ತಡೆದು ಬೆವರಿನ ಆವಿಯನ್ನು ಹೊರಬಿಡುವ ತೆಳುವಾದ ಪೊರೆಯೊಂದಿದ್ದು, ಮೈಗೆ ಹತ್ತಿರದಲ್ಲಿ ಕೌದಿಯಂತೆ ಹೊಲಿದ ಅಸ್ತರಿರುತ್ತದೆ. ಶಾಖವನ್ನು ನಿಧಾನಗೊಳಿಸುವುದು ಮುಖ್ಯವಾಗಿ ಈ ಅಸ್ತರಿನಲ್ಲಿ ಅಡಗಿರುವ ಗಾಳಿ. ಮಂಡಿಯೂರಿ ತೆವಳುವಾಗ ಮೊಣಕಾಲಿನ ಬಳಿ, ಉಸಿರಾಟದ ಸಿಲಿಂಡರಿನ ಪಟ್ಟಿ ಒತ್ತುವ ಹೆಗಲಿನ ಮೇಲೆ, ಅಸ್ತರು ಅಪ್ಪಚ್ಚಿಯಾಗಿ ಗಾಳಿ ಹೊರಹೋಗುತ್ತದೆ. ಬೆವರಿನಿಂದ ನೆನೆದರೂ ಹೆಚ್ಚುಕಡಿಮೆ ಅದೇ ಪಾಡು, ಏಕೆಂದರೆ ನಿಂತ ಗಾಳಿಗಿಂತ ನೀರು 20 ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಚರ್ಮವಾದರೋ ಸುಮಾರು 44 ಡಿಗ್ರಿಗೇ ಹಾನಿಗೊಳ್ಳಲಾರಂಭಿಸುತ್ತದೆ.

ಹೀಗಾಗಿ ಉಡುಪು ಕೊಡುವುದು ಸಮಯವನ್ನು, ಅದೂ ಅಳೆದು. ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆಯಾದ ಎನ್‌ಎಫ್‌ಪಿಎ ಮಾನದಂಡದ ಒಂದು ಪರೀಕ್ಷೆಯಲ್ಲಿ ಮೂರೂ ಪದರಗಳನ್ನು ಸೇರಿಸಿ ಹೊತ್ತಿ ಉರಿಯುವ ಕೋಣೆಯಷ್ಟು ತೀವ್ರವಾದ ಶಾಖಕ್ಕೆ ಒಡ್ಡಿದಾಗ, ಎರಡನೇ ದರ್ಜೆಯ, ಅಂದರೆ ಗುಳ್ಳೆ ಏಳುವಂತಹ, ಸುಟ್ಟ ಗಾಯದ ಹಂತ ತಲುಪಲು ಕನಿಷ್ಠ 17.5 ಸೆಕೆಂಡುಗಳಾದರೂ ಹಿಡಿಯಬೇಕು. ಹೊರಬಂದ ಮೇಲೂ ಹೀರಿಕೊಂಡ ಶಾಖ ಕೋಟಿನಲ್ಲೇ ಉಳಿದಿರುತ್ತದೆ. ಮೊಣಕೈ ಮಡಿಸಿದಾಗ ಬಿಸಿಯಾದ ತೋಳು ಚರ್ಮಕ್ಕೆ ಒತ್ತಿ, ಬೆಂಕಿಯಿಂದ ದೂರ ನಿಂತವರಿಗೂ ಗಾಯವಾಗಬಹುದು.