ಒಂದು ಗಲ್ಲಿಗೆ ಎಂಟು ಜೀವ: ಲೆಕ್ಕ ಎಲ್ಲಿ ತಪ್ಪುತ್ತದೆ?

ಒಬ್ಬ ಕೊಲೆಗಾರನನ್ನು ಗಲ್ಲಿಗೇರಿಸಿದರೆ ಏಳೆಂಟು ಕೊಲೆ ತಪ್ಪುತ್ತವೆ ಎಂಬ ಮಾತಿದೆ. ಇದರ ಮೂಲ ಅಮೆರಿಕದ ಅರ್ಥಶಾಸ್ತ್ರಜ್ಞ ಐಸಾಕ್ ಎರ್ಲಿಕ್ 1975ರಲ್ಲಿ ಪ್ರಕಟಿಸಿದ ಅಧ್ಯಯನ. 1933ರಿಂದ 1969ರವರೆಗಿನ ಇಡೀ ದೇಶದ ಅಂಕಿಗಳನ್ನು ಒಟ್ಟಿಗೆ ಹಾಕಿ ಅವರು ಈ ತೀರ್ಮಾನಕ್ಕೆ ಬಂದರು. ಅದೇ ಅಂಕಿಗಳಿಂದ 1962ರ ನಂತರದ ವರ್ಷಗಳನ್ನು ಬಿಟ್ಟು ಬೇರೆಯವರು ಲೆಕ್ಕ ಹಾಕಿದಾಗ ಆ ಪರಿಣಾಮ ಮಾಯವಾಯಿತು. 1962ರಲ್ಲಿ 47 ಇದ್ದ ಮರಣದಂಡನೆ 1967ರಲ್ಲಿ 2ಕ್ಕೆ ಇಳಿದು ಮರುವರ್ಷ ನಿಂತೇಹೋಗಿತ್ತು. ಆ ಅವಧಿಯಲ್ಲಿ ಕೊಲೆ ಹೆಚ್ಚಿದ್ದು ನಿಜ. ಆದರೆ ಮರಣದಂಡನೆಯ ಸೋಂಕೇ ಇಲ್ಲದ ವಾಹನ ಕಳವೂ ಹೆಚ್ಚಿತ್ತು. ಕಾರು ಕದಿಯುವವನಿಗೆ ಗಲ್ಲಿನ ಭಯ ಕಡಿಮೆಯಾಯಿತು ಎಂದು ಯಾರೂ ವಾದಿಸಲಾರರು.

ಎರ್ಲಿಕ್ ಹೇಳಿದ್ದೇ ಸರಿ ಎಂದು ಒಪ್ಪಿಕೊಂಡೇ ಭಾರತಕ್ಕೆ ಬನ್ನಿ. 2004ರಿಂದ 2020ರವರೆಗಿನ 17 ವರ್ಷಗಳಲ್ಲಿ ಇಲ್ಲಿ ಗಲ್ಲಿಗೇರಿದವರು ಎಂಟು ಮಂದಿ: 2004, 2012, 2013, 2015ರಲ್ಲಿ ಒಬ್ಬೊಬ್ಬರು, 2020ರ ಮಾರ್ಚ್ 20ರಂದು ನಾಲ್ವರು. ಆ ಅವಧಿಯಲ್ಲಿ ಪ್ರತಿ ವರ್ಷ ದಾಖಲಾದ ಕೊಲೆ ಪ್ರಕರಣ 28ರಿಂದ 35 ಸಾವಿರ. ಯಾರನ್ನೂ ಗಲ್ಲಿಗೇರಿಸದ 2021 ಮತ್ತು 2022ರ ನಡುವೆಯೇ ಸಂಖ್ಯೆ 29,272ರಿಂದ 28,522ಕ್ಕೆ, ಅಂದರೆ 750ರಷ್ಟು ಇಳಿಯಿತು. ತಾನಾಗಿ ಇಷ್ಟು ಏರಿಳಿಯುವ ರಾಶಿಯಲ್ಲಿ ಒಂದು ಗಲ್ಲಿಗೆ ಎಂಟು ಕೊಲೆಯ ವ್ಯತ್ಯಾಸ ಇದೆಯೋ ಇಲ್ಲವೋ ಎಂದು ಯಾವ ಸೂತ್ರವೂ ಹೇಳಲಾರದು. ಗಲ್ಲು ಕೊಲೆ ತಡೆಯುವುದಿಲ್ಲ ಎಂಬುದಕ್ಕೆ ಇದು ಪುರಾವೆಯಲ್ಲ. ತಡೆಯುತ್ತದೆ ಎನ್ನುವವರ ಕೈಯಲ್ಲೂ ಪುರಾವೆ ಇಲ್ಲ, ಅಷ್ಟೆ.

ಎಣಿಕೆಯಲ್ಲೂ ತೊಡಕಿದೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ಎಣಿಸುವುದು ಆ ವರ್ಷ ದಾಖಲಾದ ಪ್ರಕರಣಗಳನ್ನು. ಒಂದೇ ಎಫ್‌ಐಆರ್‌ನಲ್ಲಿ ನಾಲ್ವರು ಸತ್ತಿದ್ದರೂ ಪ್ರಕರಣ ಒಂದೇ. ಸತ್ತವರ ಸಂಖ್ಯೆಗೆ ಬೇರೆ ಕಾಲಂ ನೋಡಬೇಕು. ವರದಕ್ಷಿಣೆ ಸಾವಿಗೆ ಪ್ರತ್ಯೇಕ ಶೀರ್ಷಿಕೆ, ಅದಕ್ಕೆ ಗರಿಷ್ಠ ಶಿಕ್ಷೆ ಜೀವಾವಧಿ. ಠಾಣೆಯಲ್ಲಿ ಸೆಕ್ಷನ್ ಬದಲಾದರೆ ಸಾಕು, ಒಂದು ಜೀವವೂ ಉಳಿಯದೆ ಕೊಲೆಯ ಅಂಕಿ ಇಳಿಯುತ್ತದೆ.

ಗಲ್ಲು ಬೇಡ ಎನ್ನುವವರ ಲೆಕ್ಕವೂ ಗಟ್ಟಿಯೇನಲ್ಲ. ಅವರು ತಿರುವಾಂಕೂರಿನ ಉದಾಹರಣೆ ಕೊಡುತ್ತಾರೆ: ಗಲ್ಲು ಇಲ್ಲದ 1945–50ರಲ್ಲಿ 962 ಕೊಲೆ, ಮತ್ತೆ ಜಾರಿಯಾದ ನಂತರದ ಐದು ವರ್ಷಗಳಲ್ಲಿ 967. ಇವು ಬರೀ ಸಂಖ್ಯೆಗಳು, ಲಕ್ಷ ಜನರಿಗೆ ಎಷ್ಟು ಎಂಬ ದರವಲ್ಲ. ಜನಸಂಖ್ಯೆ ಬೆಳೆದಿದ್ದರೆ ದರ ತುಸು ಇಳಿದೇ ಇದ್ದೀತು. ಮೇಲಾಗಿ 1949ರಲ್ಲಿ ಕೊಚ್ಚಿ ಸೇರಿ ರಾಜ್ಯದ ಗಡಿಯೇ ಬದಲಾಯಿತು. ಎರಡೂ ಎಣಿಕೆ ಒಂದೇ ಪ್ರದೇಶದ್ದೇ ಎಂದು ಮೊದಲು ನೋಡಬೇಕು. ಕೆನಡಾ 1976ರಲ್ಲಿ ಗಲ್ಲು ರದ್ದು ಮಾಡಿದ ಮೇಲೆ ಅಲ್ಲಿ ಕೊಲೆ ದರ ಇಳಿಯಿತು ಎಂಬುದೂ ಅರ್ಧ ಮಾತು. ಮರಣದಂಡನೆಯನ್ನು 1977ರಲ್ಲಿ ಮತ್ತೆ ಆರಂಭಿಸಿದ ಪಕ್ಕದ ಅಮೆರಿಕದಲ್ಲೂ ದರ ಹೆಚ್ಚುಕಡಿಮೆ ಅದೇ ಜಾಡಿನಲ್ಲಿ ಏರಿಳಿದಿದೆ. ಎರಡೂ ಕಡೆ ಗೆರೆಯನ್ನು ಎಳೆದದ್ದು ಬೇರೇನೋ.

2012ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ ಮೂರೂವರೆ ದಶಕದ ಅಧ್ಯಯನಗಳನ್ನು ಜಾಲಾಡಿ, ಗಲ್ಲಿನ ಪರವಾಗಲಿ ವಿರುದ್ಧವಾಗಲಿ ನೀತಿ ರೂಪಿಸಲು ಇವನ್ನು ಬಳಸಬೇಡಿ ಎಂದಿತು. ಅದು ಎತ್ತಿದ ಆಕ್ಷೇಪಗಳಲ್ಲಿ ನನಗೆ ಮುಖ್ಯವೆನಿಸುವುದು ಒಂದು. ಗಲ್ಲನ್ನು ಹೋಲಿಸಬೇಕಾದದ್ದು ಶಿಕ್ಷೆಯೇ ಇಲ್ಲದ ಸ್ಥಿತಿಯೊಂದಿಗಲ್ಲ, ಕೊಲೆಗಿರುವ ಇನ್ನೊಂದು ಶಿಕ್ಷೆಯೊಂದಿಗೆ. ಜೀವಾವಧಿಗಿಂತ ಗಲ್ಲು ಎಷ್ಟು ಹೆಚ್ಚು ಹೆದರಿಸುತ್ತದೆ ಎಂಬುದೇ ಪ್ರಶ್ನೆ. ಹೆಚ್ಚಿನ ಅಧ್ಯಯನಗಳಲ್ಲಿ ಆ ಕಾಲಂ ಖಾಲಿ.

ಭಾರತದಲ್ಲಿ ಈ ಪ್ರಶ್ನೆ ಇನ್ನೂ ಚೂಪಾಗಿದೆ. 2008ರಲ್ಲಿ ಸ್ವಾಮಿ ಶ್ರದ್ಧಾನಂದ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಗಲ್ಲಿನ ಬದಲು, ಬದುಕಿರುವವರೆಗೂ ಬಿಡುಗಡೆ ಇಲ್ಲದ ಸೆರೆ ವಿಧಿಸಿತು. 2015ರಲ್ಲಿ ಸಂವಿಧಾನ ಪೀಠವೂ ಇಂಥ ಶಿಕ್ಷೆಯನ್ನು ಎತ್ತಿಹಿಡಿಯಿತು. ಹಾಗಾಗಿ ಇಲ್ಲಿ ಪರೀಕ್ಷೆ ಮಾಡುವವರಿಗೆ ಬೇಕಾದ ಕೋಷ್ಟಕ ಇದು: ಜಿಲ್ಲೆವಾರು, ವರ್ಷವಾರು ಎಷ್ಟು ಕೊಲೆ, ಎಷ್ಟರಲ್ಲಿ ಶಿಕ್ಷೆ, ಅದರಲ್ಲಿ ಸಾಮಾನ್ಯ ಜೀವಾವಧಿ ಎಷ್ಟು, ಬಿಡುಗಡೆ ಇಲ್ಲದ್ದು ಎಷ್ಟು, ಗಲ್ಲು ಎಷ್ಟು, ಕೃತ್ಯಕ್ಕೂ ಅಂತಿಮ ತೀರ್ಪಿಗೂ ನಡುವೆ ಕಳೆದದ್ದು ಎಷ್ಟು ವರ್ಷ.